ಕಟ್ಟಿದ ಕೈಯೇ ಬಿಚ್ಚಬೇಕು

ನಾನು ಕಾಲೇಜಿನ ಮೆಟ್ಟಿಲು ಹತ್ತುವುದು ಆಗದ ಮಾತು ಎಂದವರು ನನ್ನ ದೊಡ್ಡಪ್ಪ. ಸಿಟ್ಟಿನಲ್ಲಿ ಹೇಳಿದ್ದಲ್ಲ. ಪುಂಡಿಪಲ್ಯಕ್ಕೆ ರೊಟ್ಟಿ ಮುರಿದು ಹಚ್ಚಿಕೊಳ್ಳುತ್ತ, ನಾಳೆ ನಳಕ್ಕೆ ನೀರು ಬರುವುದಿಲ್ಲ ಎಂದು ಹೇಳುವ ಹಾಗೆ ಹೇಳಿದರು.

"ಆಗೂದಿಲ್ಲವ್ವಾ. ಕಟ್ಟು ಅದ. ಕಟ್ಟು ಇರೂತನಕಾ ಅದು ಆಗೂ ಮಾತಲ್ಲ."

ಆಗ ನಾನು ಎಂಟನೆಯ ಇಯತ್ತೆಯಲ್ಲಿದ್ದೆ. ಹತ್ತು ಮುಗಿದ ಮೇಲೆ ಮುಂದೇನು ಎಂದು ಬಾಯಿತಪ್ಪಿ ಕೇಳಿದ್ದಕ್ಕೆ ಬಂದ ಉತ್ತರ ಅದು. ಪಕ್ಕದಲ್ಲಿ ಕುಳಿತಿದ್ದ ಅಪ್ಪ ತಾಟಿನಿಂದ ತಲೆ ಎತ್ತಲಿಲ್ಲ. ಒಳಗೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು, ಆಮೇಲೆ ಮತ್ತೆ ಬಡಿಯತೊಡಗಿದಳು. ಆ ನಿಂತ ಸಪ್ಪಳ ಒಂದೇ ಅವತ್ತು ನನ್ನ ಪರವಾಗಿ ಆ ಮನೆಯಲ್ಲಿ ಎದ್ದ ತಕರಾರು. ಈಗ ನಾನು ವಕೀಲಳು. ಕರಿ ಕೋಟು ಹಾಕಿಕೊಂಡು ದಿನಾಲು ಕೋರ್ಟಿಗೆ ಹೋಗುತ್ತೇನೆ. ಯಾದಗಿರಿ, ಶಹಾಪುರ, ಸುರಪುರ ಕಡೆಯಿಂದ ಪುಣೆಗೆ ದುಡಿಯಲು ಬಂದವರು ನನ್ನನ್ನು "ವಕೀಲಬಾಯಿ" ಎಂದು ಕರೆಯುತ್ತಾರೆ. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿನವಳು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾರೂ ಪುಕ್ಕಟೆ ಕೊಟ್ಟದ್ದಲ್ಲ ಅದು. ಆದರೆ ಕಾನೂನು ಅಂದರೆ ಏನು, ಅದನ್ನು ಮಾಡುವವರು ಯಾರು, ತೆಗೆಯುವವರು ಯಾರು, ತೆಗೆದ ಮೇಲೆ ಏನು ಉಳಿಯುತ್ತದೆ ಎಂಬುದನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ. ನಮ್ಮ ಮನೆಯ ಗೋಡೆಗೆ ಹೊಡೆದಿದ್ದ ಒಂದು ತುಕ್ಕು ಹಿಡಿದ ಮೊಳೆಯ ಕೆಳಗೆ ನಿಂತು ಕಲಿತೆ.

ಮನೆ ಎಂದರೆ ಪುಣೆಯ ಧನಕವಡಿಯ ಏರಿನಲ್ಲಿ, ಚಾಳಿನ ಕೊನೆಗೆ, ಎರಡು ಖೋಲಿ. ಮೇಲೆ ತಗಡಿನ ಪತ್ರಾ. ಹೊರಗಿನ ಖೋಲಿ ಗಂಡಸರದು. ಅಲ್ಲಿ ದೊಡ್ಡಪ್ಪನ ಕಬ್ಬಿಣದ ಮಂಚ, ಅದರ ಕೆಳಗೆ ಅವರ ಗೌಂಡಿ ಕೆಲಸದ ಓಳಂಬಿ, ಮಟ್ಟಗೋಲು, ಗಾರೆ ಹಿಡಿದ ಕರಣಿಗಳು. ಒಳಗಿನ ಖೋಲಿ ಉಳಿದವರೆಲ್ಲರದು. ಒಂದು ಮೂಲೆಗೆ ಒಲೆ, ಇನ್ನೊಂದು ಮೂಲೆಗೆ ಬಚ್ಚಲ ಕಟ್ಟೆ, ನಡುವೆ ಮಲಗಲು, ಓದಲು, ಜಗಳಾಡಲು ಉಳಿದಷ್ಟು ಜಾಗ. ದೊಡ್ಡಪ್ಪ ಕಟ್ಟಡದ ಕೆಲಸದ ಮುಕಾದಮ. ಊರಿನಿಂದ ಜನರನ್ನು ಕರೆತಂದು ಕೆಲಸಕ್ಕೆ ಹಚ್ಚುತ್ತಿದ್ದರು. ಅಪ್ಪ ಅವರ ತಮ್ಮ, ಅವರದೇ ಗುಂಪಿನಲ್ಲಿ ಗೋಡೆಗೆ ಗಿಲಾವು ಮಾಡುತ್ತಿದ್ದ. ಸೈಟಿನಲ್ಲೂ ಮನೆಯಲ್ಲೂ ಅವನಿಗೆ ಮುಕಾದಮ ಒಬ್ಬರೇ. ದೊಡ್ಡವ್ವ ತೀರಿಹೋಗಿದ್ದಳು, ಅವಳ ಮಗಳು ಸುನಂದಾ ನನಗಿಂತ ವರ್ಷಕ್ಕೆ ದೊಡ್ಡವಳು, ಬೆಳೆದದ್ದು ನಮ್ಮವ್ವನ ಕೈಯಲ್ಲೇ. ನಮ್ಮಿಬ್ಬರಿಗೂ ಮೇಲೆ ನನ್ನ ಅಕ್ಕ ನಾಗಮ್ಮ.

ಅವ್ವ ದೊಡ್ಡಪ್ಪನ ಜೊತೆ ನೇರ ಮಾತಾಡುತ್ತಿರಲಿಲ್ಲ. ಭಾವನ ಎದುರು ನಿಂತು ಮಾತಾಡುವ ರೂಢಿ ನಮ್ಮ ಕಡೆ ಇಲ್ಲ. ಬಾಗಿಲ ಚೌಕಟ್ಟಿನ ಹಿಂದೆ ನಿಂತು, ಸೆರಗು ಹಲ್ಲಲ್ಲಿ ಹಿಡಿದು, ನನಗೆ ಹೇಳುತ್ತಿದ್ದಳು. ದೊಡ್ಡಪ್ಪ ಎರಡು ಮಾರು ದೂರದಲ್ಲಿ ಕುಳಿತು ಎಲ್ಲ ಕೇಳಿಸಿಕೊಂಡು, ಉತ್ತರವನ್ನೂ ನನಗೇ ಹೇಳುತ್ತಿದ್ದರು.

"ಮಾದೀ, ನಿಮ್ಮ ದೊಡ್ಡಪ್ಪಗ ಹೇಳು, ಚಾ ಆರಲಿಕತ್ತದ."

"ನಿಮ್ಮವ್ವಗ ಹೇಳು, ಆರಲಿ."

ನಾನು ನಡುವೆ ನಿಂತು ಎರಡೂ ಮಾತನ್ನು ಮತ್ತೊಮ್ಮೆ ಹೇಳಬೇಕಾಗಿತ್ತು. ಹೇಳದಿದ್ದರೆ ಯಾರೂ ಏನೂ ಅಂದಿಲ್ಲ ಎಂದೇ ಲೆಕ್ಕ. ಹೆಸರು ಮಹಾದೇವಿ, ಕೆಲಸ ಗೋಡೆಯಲ್ಲಿನ ತೂತು. ಈಗ ನ್ಯಾಯಾಧೀಶರಿಗೂ ಕಕ್ಷಿದಾರರಿಗೂ ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವಾಗ, ಈ ಧಂದೆಗೆ ನಾನು ಬಹಳ ಮೊದಲೇ ಬಿದ್ದಿದ್ದೆ ಅನ್ನಿಸುತ್ತದೆ.

ಒಳಗಿನ ಖೋಲಿಯ ಪೂರ್ವದ ಗೋಡೆಗೆ ದೇವರ ಜಗಲಿ. ಮೈಲಾರಲಿಂಗನ ಒಂದು ಹಿತ್ತಾಳೆಯ ಮುಖ, ಒಂದು ಫೋಟೊ, ಭಂಡಾರವೆಂಬ ಅರಿಷಿಣಪುಡಿಯ ಬಟ್ಟಲು. ಜಗಲಿಯ ಮಗ್ಗುಲಲ್ಲಿ ಆ ಮೊಳೆ. ಮೊಳೆಗೆ ಹಳದಿ ಅರಿವೆಯ ಸಣ್ಣ ಸಣ್ಣ ಗಂಟುಗಳು ಜೋತುಬಿದ್ದಿರುತ್ತಿದ್ದವು. ಇದು ನಮ್ಮ ಮನೆಯದೇ ಪದ್ಧತಿ. ಬೇರೆಯವರ ಮನೆಯಲ್ಲಿ ನಾನು ಕಂಡಿಲ್ಲ. ಮನೆಯ ಹಿರಿಯನಿಗೆ ಏನಾದರೂ ನೇಮ ಹಾಕಬೇಕು ಅನ್ನಿಸಿದರೆ, ಅವನು ಮೈಲಾರಲಿಂಗನ ಗುಡ್ಡ ಹತ್ತಬೇಕು, ದೇವರ ಮುಂದೆ ಆ ನೇಮವನ್ನು ಬಾಯಿಬಿಟ್ಟು ಹೇಳಬೇಕು, ಹೇಳುತ್ತಲೇ ಒಂದು ಚಿಟಿಕೆ ಭಂಡಾರವನ್ನು ಅರಿವೆಯಲ್ಲಿ ಹಾಕಿ ಗಂಟು ಬಿಗಿಯಬೇಕು. ಅದನ್ನು ತಂದು ಮೊಳೆಗೆ ತೂಗುಹಾಕಿದರೆ ಅದು 'ಕಟ್ಟು'. ಅಜ್ಜನ ಕಾಲಕ್ಕೆ ಊರಿನ ಹತ್ತಿರದ ಮೈಲಾರಕ್ಕೆ ಹೋಗುತ್ತಿದ್ದರಂತೆ. ಪುಣೆಗೆ ಬಂದ ಮೇಲೆ ದೊಡ್ಡಪ್ಪನಿಗೆ ಜೇಜುರಿ ಸಿಕ್ಕಿತು. ದೇವರು ಅವನೇ, ಹೆಸರು ಖಂಡೋಬಾ, ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ವಾಪಸ್ ಬರಬಹುದು. ಕಟ್ಟು ಹಾಕುವುದು ಸುಲಭವಾಯಿತು.

ಮನೆ ಅಳಿಯತನಕ್ಕೆ ಹೋದ ಗಂಡಸಿನ ಕೈಯಲ್ಲಿ ಈ ಮನೆಯವರು ಊಟ ಮಾಡಬಾರದು, ಅದೊಂದು ಕಟ್ಟು. ಸಂಜೆ ದೀಪ ಹಚ್ಚಿದ ಮೇಲೆ ಮನೆಯಿಂದ ಉಪ್ಪು ಹೊರಗೆ ಕೊಡಬಾರದು, ಅದೊಂದು. ಈ ಮನೆಯ ಗಂಡಸರು ಸೆರೆ ಮುಟ್ಟಬಾರದು ಎಂಬುದು ಅಪ್ಪ ಒಮ್ಮೆ ಕುಡಿದು ಬಂದು ಅಂಗಳದಲ್ಲಿ ಬಿದ್ದಾಗ ದೊಡ್ಡಪ್ಪ ಹಾಕಿದ್ದು. ಆ ಗಂಟು ಮೊಳೆಯ ಮೇಲೆ ಇದ್ದಂತೆಯೇ, ಸ್ಲ್ಯಾಬು ಹಾಕಿದ ದಿನ ದೊಡ್ಡಪ್ಪ ಸ್ವತಃ ಕುಡಿದು ಬರುತ್ತಿದ್ದರು. ಒಂದು ಸಲ ಅಕ್ಕ ಕೇಳಿಯೇಬಿಟ್ಟಳು.

"ದೊಡ್ಡಪ್ಪಾ, ಆ ಕಟ್ಟು ಇನ್ನಾ ಅಲ್ಲೇ ಅದಲ್ಲ."

"ಅದು ಹಳೇದಾಗ್ಯಾದ. ಅದರಾಗಿನ ಜೀವ ಹೋಗ್ಯಾದ."

"ಮತ್ತ ಉಪ್ಪಿನ ಕಟ್ಟು ಅದಕ್ಕಿಂತ ಹಳೇದು. ಅದರ ಜೀವ ಹೋಗಿಲ್ಲೇನ್ರಿ?"

ದೊಡ್ಡಪ್ಪ ನಕ್ಕರು. ಅಂಥ ಮಾತಿಗೆ ನಗುತ್ತಿದ್ದ ಕಾಲವೂ ಒಂದಿತ್ತು. "ಇಕಿ ನಾಲಿಗಿ ನೋಡೋ, ಹರಿತ ಕರಣಿ" ಎಂದು ಅಪ್ಪನಿಗೆ ಹೇಳಿದರು.

ಅಕ್ಕ ನಾಲ್ಕನೆಯತನಕ ಊರಿನ ಕನ್ನಡ ಸಾಲೆಯಲ್ಲಿ ಓದಿ, ಆಮೇಲೆ ಇಲ್ಲಿ ಮರಾಠಿ ಶಾಳೆಗೆ ಸೇರಿದವಳು. ನನಗೆ ಕನ್ನಡದ ಅಕ್ಷರ ಬಂದದ್ದು ಅವಳಿಂದ. ಬಚ್ಚಲ ಕಟ್ಟೆಯ ಮೇಲೆ ಒದ್ದೆ ಬೆರಳಿನಿಂದ ಬರೆದು ತೋರಿಸುತ್ತಿದ್ದಳು, ಒಣಗುವಷ್ಟರಲ್ಲಿ ನಾನು ಓದಬೇಕು. ಚಾಳಿನಲ್ಲಿ ನಮ್ಮವರು ಯಾರಿಗೇ ಊರಿಗೆ ಮನಿಆರ್ಡರ್ ಮಾಡಬೇಕಾದರೂ ಅಕ್ಕನೇ ಜೊತೆಗೆ ಹೋಗಿ ಫಾರ್ಮು ತುಂಬುತ್ತಿದ್ದಳು. ಪೋಸ್ಟಿನ ಕಿಟಕಿಯ ಹಿಂದೆ ಒಬ್ಬ ಹೆಣ್ಣುಮಗಳು ಕುಳಿತು ಠಪ್ಪೆಂದು ಮುದ್ರೆ ಒತ್ತುವುದನ್ನು ನೋಡಿ ನೋಡಿ ಅವಳಿಗೆ ಅದೇ ಹುಚ್ಚು ಹಿಡಿದಿತ್ತು. ರೊಟ್ಟಿ ಬಡಿಯುವಾಗಲೂ ಕೊನೆಯ ಪೆಟ್ಟನ್ನು ಹಾಗೆ ಒತ್ತುತ್ತಿದ್ದಳು. "ನಾ ಕಿಟಕಿ ಆ ಕಡಿ ಕೂಡಾಕಿ. ಈ ಕಡಿ ಪಾಳಿ ಹಚ್ಚಿ ಸಾಕಾಗ್ಯಾದ" ಅನ್ನುತ್ತಿದ್ದಳು. ಅದಕ್ಕೆ ಕಾಲೇಜು ಓದಬೇಕು ಎಂದು ಅವಳಿಗೆ ಯಾರೋ ಹೇಳಿದ್ದರು. ಮನೆಯಲ್ಲಿ ಅದಕ್ಕೆ ಯಾರ ವಿರೋಧವೂ ಇರಲಿಲ್ಲ, ಆ ಒಂದು ಭಾನುವಾರದವರೆಗೆ.

ಆ ಭಾನುವಾರ ಸೈಟಿನ ಸಾಹೇಬ ನಮ್ಮ ಮನೆಗೆ ಬಂದ. ದೊಡ್ಡಪ್ಪ ಮಂಚದ ಮೇಲೆ ಹೊಸ ಚಾದರ ಹಾಸಿ ಕೂಡಿಸಿದರು. ಸಾಹೇಬ ಮುಂದಿನ ಕೆಲಸದ ಕರಾರನ್ನು ಮರಾಠಿಯಲ್ಲಿ ಹೇಳುತ್ತ ಹೋದ. ದೊಡ್ಡಪ್ಪನಿಗೆ ಸೈಟಿನ ಮರಾಠಿ ಬರುತ್ತಿತ್ತು, ಕರಾರಿನ ಮರಾಠಿ ಬರುತ್ತಿರಲಿಲ್ಲ. ಎಲ್ಲದಕ್ಕೂ "ಹೋ ಸಾಹೇಬ, ಹೋ ಸಾಹೇಬ" ಎಂದು ಗೋಣು ಹಾಕುತ್ತಿದ್ದರು. ಚಹಾ ತಂದ ಅಕ್ಕ ನಿಂತು ಕೇಳಿ, ಒಂದು ಕಡೆ ಸಾಹೇಬನನ್ನೇ ಮರಾಠಿಯಲ್ಲಿ ಕೇಳಿದಳು, ಮಳೆಗಾಲದಲ್ಲಿ ಕೆಲಸ ನಿಂತರೆ ಆ ದಿನಗಳು ಯಾರ ತಲೆಯ ಮೇಲೆ ಎಂದು. ಸಾಹೇಬ ಖುಷಿಯಾದ. ಅಲ್ಲಿಂದ ಮುಂದೆ ಅವನು ದೊಡ್ಡಪ್ಪನ ಕಡೆ ನೋಡಲೇ ಇಲ್ಲ. ಎಲ್ಲವನ್ನೂ ಅಕ್ಕನಿಗೇ ವಿವರಿಸಿದ. ಹೋಗುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದ:

"ಮುಕಾದಮ, ಸಮಜಲಂ ನಸೇಲ ತರ ಮುಲೀಲಾ ವಿಚಾರಾ. ತೀ ಸಾಂಗೇಲ."

ತಿಳಿಯದಿದ್ದರೆ ಹುಡುಗಿಯನ್ನು ಕೇಳು, ಅವಳು ಹೇಳುತ್ತಾಳೆ. ಅಷ್ಟೇ ಮಾತು. ಹೊರಗೆ ದೊಡ್ಡಪ್ಪನ ಗುಂಪಿನ ಜನ ನಿಂತಿದ್ದರು, ಅವರೆಲ್ಲ ಕೇಳಿಸಿಕೊಂಡರು, ಒಬ್ಬ ನಕ್ಕ. ಅಪ್ಪ ಹೆಮ್ಮೆಯಿಂದ ಅಕ್ಕನ ಕಡೆ ನೋಡಿದ್ದು ನನಗೆ ನೆನಪಿದೆ. ಅಣ್ಣನ ಮುಖ ನೋಡಿ ಆ ಹೆಮ್ಮೆಯನ್ನು ಅಲ್ಲೇ ನುಂಗಿದ್ದೂ ನೆನಪಿದೆ.

ಮುಂದಿನ ಸೋಮವತಿ ಅಮಾವಾಸ್ಯೆಗೆ ಎಲ್ಲರನ್ನೂ ಜೇಜುರಿಗೆ ಕರೆದೊಯ್ದರು. ಆ ಗುಡ್ಡದ ಮೆಟ್ಟಿಲು, ಗಾಳಿಯಲ್ಲಿ ತೂರಿದ ಭಂಡಾರ, ಹಳದಿಯಾದ ಜನರ ರೆಪ್ಪೆಗಳು, ನಮ್ಮ ಕಡೆಯ ಯಾತ್ರಿಕರ "ಏಳುಕೋಟಿ ಏಳುಕೋಟಿ" ಎಂಬ ಕೂಗು ಇಲ್ಲಿನವರ "ಯೇಳಕೋಟ" ಎಂಬ ಕೂಗಿನಲ್ಲಿ ಸೇರಿಹೋಗುವುದು, ಎಲ್ಲ ನನಗೆ ಬಹಳ ಪ್ರೀತಿಯವು. ಅವತ್ತೂ ನಾವು ಮೂವರು ಹುಡುಗಿಯರು ಕೈ ಹಿಡಿದುಕೊಂಡು ಓಡುತ್ತ ಹತ್ತಿದೆವು. ಮೇಲೆ ದೇವರ ಮುಂದೆ ದೊಡ್ಡಪ್ಪ ಅಂಗಿಯ ಕಿಸೆಯಿಂದ ಹಳದಿ ಅರಿವೆ ತೆಗೆದಾಗಲೇ ಅವ್ವನಿಗೆ ಗೊತ್ತಾದದ್ದು. ಅವರು ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಹೇಳಿದರು:

"ಮೈಲಾರಾ, ನೀ ಕೇಳು. ಹತ್ತನೇತ್ತಾ ಮುಗದ ಮ್ಯಾಲ ಈ ಮನಿ ಹೆಣ್ಮಕ್ಕಳು ಸಾಲಿ ಮೆಟ್ಟಲ ಹತ್ತಬಾರದು. ಇದು ನನ್ನ ಕಟ್ಟು."

ಗಂಟು ಬಿಗಿದರು. ಅಕ್ಕನ ಹತ್ತನೆಯ ಪರೀಕ್ಷೆಗೆ ಆಗ ಕೆಲವೇ ವಾರ. ಅವಳು ದೊಡ್ಡಪ್ಪನ ಕಡೆ ನೋಡಲಿಲ್ಲ, ದೇವರ ಕಡೆ ನೋಡಲಿಲ್ಲ, ಅಪ್ಪನ ಕಡೆ ನೋಡುತ್ತ ನಿಂತಳು. ಅಪ್ಪ ಬಗ್ಗಿ ಚಪ್ಪಲಿ ಹುಡುಕಿದ. ಚಪ್ಪಲಿ ಬಿಟ್ಟದ್ದು ಗುಡ್ಡದ ಕೆಳಗೆ.

ಅವಳು ಪರೀಕ್ಷೆಗೆ ಕುಳಿತಳು, ಪಾಸಾದಳು, ಪೇಢೆ ಹಂಚಿದರು. ಆ ವರ್ಷ ದೀಪಾವಳಿ ದಾಟುವ ಮೊದಲೇ ಅವಳ ಮದುವೆಯಾಯಿತು. ಗಂಡ ಚಿಂಚವಾಡದ ಕಡೆ ಕಟ್ಟಡದ ಕೆಲಸಕ್ಕಿದ್ದವನು, ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಯಾರನ್ನಾದರೂ ಬೈಯಲು ಬರುತ್ತಿತ್ತು. ಮದುವೆಯಾದ ಮರುವಾರದಿಂದ ಅಕ್ಕ ಅವನ ಜೊತೆ ಸೈಟಿಗೆ ಹೋಗಿ ತಲೆಯ ಮೇಲೆ ಮರಳಿನ ಪುಟ್ಟಿ ಹೊತ್ತಳು. ಈಗಲೂ ಹೊರುತ್ತಾಳೆ.

ಅವಳು ಹೋದ ಮೇಲೆ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಬದಲಾಯಿತು. ಅವ್ವ ಆ ಮೊಳೆಯನ್ನು ಆಗಾಗ ನೋಡುತ್ತಿದ್ದಳು. ದಸರೆಗೆ ಸುಣ್ಣ ಹಚ್ಚುವಾಗ ಗಂಟುಗಳನ್ನೆಲ್ಲ ತೆಗೆದು ತಾಟಿನಲ್ಲಿ ಇಟ್ಟು, ಸುಣ್ಣ ಒಣಗಿದ ಮೇಲೆ ಮತ್ತೆ ತೂಗುಹಾಕುವುದು ಅವಳದೇ ಕೆಲಸ. ನಾನು ಒಂಬತ್ತರಲ್ಲಿದ್ದ ವರ್ಷ, ತಾಟಿನಲ್ಲಿ ಆ ಒಂದು ಗಂಟು ಬಿಚ್ಚಿಕೊಂಡು ಬಿದ್ದಿತ್ತು. ತಾನಾಗಿ ಬಿಚ್ಚಿತೋ ಅವ್ವ ಬಿಚ್ಚಿದಳೋ ನಾನು ನೋಡಲಿಲ್ಲ. ನೋಡಿದ್ದು ಇಷ್ಟು: ಅವ್ವ ಖಾಲಿ ಅರಿವೆಯನ್ನು ನನ್ನ ಮುಂದೆ ಹಿಡಿದು, ಪಿಸುದನಿಯಲ್ಲಿ, "ಬಿಚ್ಚಿತು ನೋಡು, ನಿನ್ನ ದಾರಿ ಬಿಚ್ಚಿತು" ಎಂದು ನನ್ನ ಹಣೆಗೆ ಆ ಭಂಡಾರ ಹಚ್ಚಿದಳು. ನಾನು ಹಣೆ ಒರೆಸಿಕೊಳ್ಳದೆ ಶಾಳೆಗೆ ಹೋದೆ.

ಸಂಜೆ ದೊಡ್ಡಪ್ಪ ಮೊಳೆ ನೋಡಿದರು. ಬಾಗಿಲ ಕಡೆ ತಿರುಗಿ, ನನಗೆ ಹೇಳಿದರು.

"ನಿಮ್ಮವ್ವಗ ಕೇಳು, ಇದು ಹ್ಯಾಂಗ ಬಿಚ್ಚಿತು ಅಂತ."

ಚೌಕಟ್ಟಿನ ಹಿಂದಿನಿಂದ ಉತ್ತರ ಬಂತು. "ಹೇಳು, ಸುಣ್ಣಾ ಹಚ್ಚುವಾಗ ಬಿತ್ತು, ಬಿಚ್ಚಿತು. ದೇವರೇ ಬಿಚ್ಚ್ಯಾನ."

"ದೇವರು ಬಿಚ್ಚೂದಿಲ್ಲ, ಹೇಳು. ಕಟ್ಟಿದ್ದು ನಾನು. ಕಟ್ಟಿದ ಕೈನೇ ಬಿಚ್ಚಬೇಕು, ಕಟ್ಟಿದಲ್ಲೇ ಬಿಚ್ಚಬೇಕು, ಹ್ಯಾಂಗ ಹೇಳಿ ಕಟ್ಟೀನಿ ಹಂಗ ಹೇಳಿ ಬಿಚ್ಚಬೇಕು. ಅರಿವಿ ಬಿಚ್ಚಿದರ ಅರಿವಿ ಬಿಚ್ಚಿತು. ಕಟ್ಟು ಹಂಗೇ ಅದ."

ಬಟ್ಟಲಿನಿಂದ ಚಿಟಿಕೆ ಭಂಡಾರ ತೆಗೆದು ಅದೇ ಅರಿವೆಯಲ್ಲಿ ಮತ್ತೆ ಗಂಟು ಬಿಗಿದು ಮೊಳೆಗೆ ಹಾಕಿದರು. ಅವ್ವ ಅವತ್ತು ಊಟ ಮಾಡಲಿಲ್ಲ. ಅವಳು ಊಟ ಮಾಡಲಿಲ್ಲ ಎಂಬುದನ್ನು ಯಾರಿಗಾದರೂ ಹೇಳು ಎಂದು ನನಗೆ ಹೇಳಲೂ ಇಲ್ಲ.

ಆ ಕಟ್ಟು ಬಿಚ್ಚಿದ್ದು ನ್ಯಾಯದಿಂದಲ್ಲ, ನನ್ನ ಮಾರ್ಕಿನಿಂದಲೂ ಅಲ್ಲ. ಸುನಂದಾಳಿಗೆ ಒಂದು ಸಂಬಂಧ ಬಂತು. ಹುಡುಗ ಪಿಂಪ್ರಿಯ ಕಾರ್ಖಾನೆಯಲ್ಲಿ ಕಾಯಂ ನೌಕರ, ಸ್ವಂತ ಮನೆ, ನಮ್ಮದೇ ಜಾತಿ. ಬಂದವರು ಚಹಾ ಕುಡಿದು, ಹುಡುಗಿ ನೋಡಿ, ಹುಡುಗನ ತಾಯಿ ಹೇಳಿದಳು: "ಹನ್ನೆರಡು ಪಾಸಾಗಲಿ, ಕಾಲೇಜಿಗಿ ಹೆಸರು ಹಚ್ಚಲಿ. ಅಂವನ ದೋಸ್ತರ ಹೇಣ್ತೇರೆಲ್ಲಾ ಕಲ್ತಾಕೇರು ಇದ್ದಾರ್ರಿ. ಎರಡು ವರ್ಷ ನಾವು ಕಾಯ್ತೀವಿ." ದೊಡ್ಡಪ್ಪ ಒಂದು ಕ್ಷಣವೂ ಯೋಚಿಸದೆ, "ಅಗದೀ ಖರೇರಿ, ಈಗಿನ ಕಾಲಕ್ಕ ಕಲೀಬೇಕ್ರಿ" ಎಂದರು. ನಾನು ಒಳಗೆ ಚಹಾದ ಕಪ್ಪು ಬಸಿ ತೊಳೆಯುತ್ತಿದ್ದೆ. ಬಸಿ ಕೈಯಲ್ಲೇ ಉಳಿಯಿತು.

ಮತ್ತೆ ಜೇಜುರಿ. ಈ ಸಲ ಅಕ್ಕನೂ ಬಂದಿದ್ದಳು, ಸೊಂಟದ ಮೇಲೆ ಕೂಸು. ದೊಡ್ಡಪ್ಪ ಗಂಟನ್ನು ಕಿಸೆಯಿಂದ ತೆಗೆದು, ಹಲ್ಲಿನಿಂದ ಕಚ್ಚಿ ಎಳೆದು ಬಿಚ್ಚಿದರು, ಬಹಳ ಬಿಗಿ ಕಟ್ಟಿದ್ದರು. "ಮೈಲಾರಾ, ನಾ ಕಟ್ಟಿದ್ದು ನಾ ಬಿಚ್ಚೀನಿ. ನನ್ನ ಸುನಂದಾ ಕಲೀಲಿ" ಎಂದು ಭಂಡಾರ ತೂರಿದರು. ಗಾಳಿಗೆ ಅದು ನಮ್ಮ ಮೇಲೆಯೇ ಬಂತು. ನಾನು ಹೇಳಿದೆ:

"ಹಂಗಾರ ನಾನೂ ಬರೂ ವರ್ಷ ಹನ್ನೊಂದಕ್ಕ ಹೋಗ್ತೀನಿ, ದೊಡ್ಡಪ್ಪಾ."

"ನಿಂದೇನದ ಅದರಾಗ? ನಾ ಬಿಚ್ಚಿದ್ದು ಸುನಂದಾನ ಸಲುವಾಗಿ."

ಅಪ್ಪ ಹಣೆಯ ಮೇಲಿನ ಭಂಡಾರ ಒರೆಸಿಕೊಂಡ. ಆಗ ಅವ್ವ ಮುಂದೆ ಬಂದಳು. ಅಲ್ಲಿ ಚೌಕಟ್ಟು ಇರಲಿಲ್ಲ, ನಿಲ್ಲಲು ಬಾಗಿಲಿನ ಹಿಂದು ಇರಲಿಲ್ಲ. ಸೆರಗು ಹಲ್ಲಿನಿಂದ ಬಿಟ್ಟು, ಮದುವೆಯಾಗಿ ಬಂದ ಮೇಲೆ ಮೊದಲ ಸಲ, ನೇರ ಅವರ ಮುಖಕ್ಕೆ ಮಾತಾಡಿದಳು.

"ಭಾವಾರ, ಕಟ್ಟುವಾಗ ನಾಗಮ್ಮನ ಹೆಸರು ತಗೊಂಡು ಕಟ್ಟಿದ್ರೇನ್ರಿ? 'ಈ ಮನಿ ಹೆಣ್ಮಕ್ಕಳು' ಅಂತ ಕಟ್ಟಿದ್ರಿ. ಎಲ್ಲಾರಿಗೂ ಕಟ್ಟಿದ್ದು ಒಬ್ಬಾಕಿ ಹೆಸರಲೆ ಹ್ಯಾಂಗ ಬಿಚ್ಚಿತ್ರಿ? ಹ್ಯಾಂಗ ಹೇಳಿ ಕಟ್ಟೀನಿ ಹಂಗ ಹೇಳಿ ಬಿಚ್ಚಬೇಕು ಅಂದಾವರು ನೀವೇ."

ಸುತ್ತ ನಮ್ಮ ಕಡೆಯ ಯಾತ್ರಿಕರು ನಿಂತಿದ್ದರು. ಒಬ್ಬ ಮುದುಕಿ "ಖರೇ ಅದಲ್ಲೋ ಯಪ್ಪಾ" ಎಂದಳು. ದೊಡ್ಡಪ್ಪ ಅವ್ವನ ಕಡೆ ನೋಡಲು ಆಗದೆ ನನ್ನ ಕಡೆ ನೋಡಿದರು. ರೂಢಿಯಂತೆ ನಾನು ನಡುವೆ ನಿಂತು ಮಾತು ಮುಟ್ಟಿಸುತ್ತೇನೆ ಎಂದು ಕಾದರು. ನಾನು ಬಾಯಿ ಬಿಡಲಿಲ್ಲ. ಕೊನೆಗೆ ಅವರು ದೇವರ ಕಡೆ ತಿರುಗಿ, ಹಲ್ಲು ಕಡಿದು, "ಈ ಮನಿ ಹೆಣ್ಮಕ್ಕಳ ಕಟ್ಟು ಬಿಚ್ಚೀನಿ" ಎಂದರು.

ಆಗ ಅಕ್ಕ ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ ಕೇಳಿದಳು.

"ಮತ್ತ ನಂದು, ದೊಡ್ಡಪ್ಪಾ?"

ಅವಳ ದನಿಯಲ್ಲಿ ಜಗಳವಿರಲಿಲ್ಲ. ಅಂಗಡಿಯಲ್ಲಿ ತನ್ನ ಪಾಳಿ ಬಂತೇ ಎಂದು ಕೇಳುವ ಹಾಗಿತ್ತು. ದೊಡ್ಡಪ್ಪನ ಸಿಟ್ಟು ಅವ್ವನ ಮೇಲೆ. ಅಕ್ಕನಿಗೆ ಅವರು ಸಮಾಧಾನದಿಂದಲೇ ಹೇಳಿದರು.

"ನಿಂದು ಆವಾಗಿನ ಮಾತಲ್ಲೇನವ್ವಾ. ಆವಾಗ ಕಟ್ಟು ಇತ್ತು. ಆಗಿದ್ದು ಆಗಿ ಹೋತು."

ಅಕ್ಕ "ಹೂಂ" ಎಂದಳು. ಇಳಿಯುವಾಗ ಕೂಸು ಅಳುತ್ತಿತ್ತು, ಅದರ ತಲೆಯ ಮೇಲಿನ ಭಂಡಾರವನ್ನು ಅವಳು ಸೆರಗಿನಿಂದ ಒರೆಸುತ್ತಲೇ ಇದ್ದಳು.

ಆ ಪಿಂಪ್ರಿಯ ಸಂಬಂಧ ವರ್ಷದೊಳಗೆ ಮುರಿಯಿತು. ಕಾಯುತ್ತೇವೆ ಅಂದವರು ಕಾಯಲಿಲ್ಲ, ಕಲಿತ ಹುಡುಗಿಯೇ ಅವರಿಗೆ ಸಿಕ್ಕಳು. ದೊಡ್ಡಪ್ಪ ಮನಸ್ಸು ಮಾಡಿದ್ದರೆ ಮತ್ತೊಂದು ಅರಿವೆ ತೆಗೆದುಕೊಂಡು ಗುಡ್ಡ ಹತ್ತಬಹುದಿತ್ತು. ಹತ್ತಲಿಲ್ಲ, ಏಕೆಂದರೆ ಅಷ್ಟರಲ್ಲಿ ಅವರು ನಮ್ಮವರ ಪ್ರತಿ ಮದುವೆಯಲ್ಲೂ "ನಮ್ಮ ಹುಡುಗಿ ಕಾಲೇಜ್ ಕಲೀಲಿಕತ್ತಾಳ್ರಿ" ಎಂದು ಹೇಳಿಕೊಂಡು ತಿರುಗಿದ್ದರು. ಸುನಂದಾ ಹನ್ನೆರಡಕ್ಕೆ ಬಿಟ್ಟಳು, ಅವಳಿಗೆ ಅದು ಬೇಕಾಗಿರಲಿಲ್ಲ. ಅವರ ಬಡಾಯಿಯ ನೆರಳಲ್ಲಿ ನಾನು ಮುಂದೆ ನಡೆದೆ. ಬೆಳಿಗ್ಗೆ ಕಾಲೇಜು, ಮಧ್ಯಾಹ್ನ ಕಾತ್ರಜದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ, ಆಮೇಲೆ ಕಾನೂನು.

ಕಾನೂನು ಕಾಲೇಜಿನಲ್ಲಿ ಒಂದು ದಿನ ಮೇಡಂ ಹಲಗೆಯ ಮೇಲೆ ಮರಾಠಿಯಲ್ಲಿ 'ನಿರಸನ' ಎಂದು ಬರೆದರು. ನನಗೆ ಆ ಶಬ್ದ ಶಾಳೆಯಿಂದ ಗೊತ್ತಿತ್ತು, ಶಂಕೆಗಳ ನಿರಸನ, ಅಂದರೆ ಸಂಶಯ ಹೋಗಲಾಡಿಸುವುದು. ಕಾನೂನಿನಲ್ಲಿ ಅದು ಕಾಯಿದೆಯನ್ನೇ ಹೋಗಲಾಡಿಸುವುದು. ಮುಂದೆ ನಮ್ಮ ಜನರ ವ್ಯಾಜ್ಯಗಳಿಗಾಗಿ ಕನ್ನಡದ ಕಾಯಿದೆ ಪುಸ್ತಕಗಳನ್ನು ತೆರೆದಾಗ ಅಲ್ಲೂ ಅದೇ ಶಬ್ದ ಸಿಕ್ಕಿತು: 'ಈ ಮೂಲಕ ನಿರಸನಗೊಳಿಸಲಾಗಿದೆ.' ಮಾತಿನಲ್ಲಿ ಯಾರೂ ಹೀಗೆ ಅನ್ನುವುದಿಲ್ಲ. ನಾವು ರದ್ದು ಅನ್ನುತ್ತೇವೆ. ಬಸ್ಸು ರದ್ದಾಗುತ್ತದೆ, ರಜೆ ರದ್ದಾಗುತ್ತದೆ, ಸಾಹೇಬನ ಹುಕುಮೂ ರದ್ದಾಗುತ್ತದೆ. 'ನಿರಸನಗೊಳಿಸು' ಎಂಬ ಕ್ರಿಯಾಪದ ಅಷ್ಟು ಅಗ್ಗದ್ದಲ್ಲ. ಅದರ ಮುಂದೆ ಬರಬೇಕಾದದ್ದು ಕಾಯಿದೆ, ಅದನ್ನು ಮಾಡಬೇಕಾದವರು ಆ ಕಾಯಿದೆ ಮಾಡುವ ಅಧಿಕಾರವುಳ್ಳವರು. ರೂಢಿ ದಣಿದು ತಾನೇ ಬಿದ್ದುಹೋಗಬಹುದು, ಕಾಯಿದೆ ದಣಿಯುವುದಿಲ್ಲ. ಎಷ್ಟೇ ಹಳೆಯದಾಗಲಿ, ಅದರ ಹಾಳೆಯೇ ಹರಿದುಹೋಗಲಿ, ನಿರಸನಗೊಳಿಸುವ ತನಕ ಅದು ನಿಂತೇ ಇರುತ್ತದೆ. ಮೇಡಂ ಇದನ್ನೆಲ್ಲ ಹೇಳುತ್ತಿದ್ದಾಗ ಬೆಂಚಿನ ಮೇಲೆ ಉಳಿದವರು ಬರೆದುಕೊಳ್ಳುತ್ತಿದ್ದರು. ನಾನು ಪೆನ್ನು ತೆಗೆದಿರಲಿಲ್ಲ. ಅರಿವೆ ಬಿಚ್ಚಿದರೆ ಅರಿವೆ ಬಿಚ್ಚಿತು ಎಂದು ಕೇಳಿ ಬೆಳೆದವಳು ನಾನು. ಸೆರೆಯ ಕಟ್ಟಿನ ಜೀವ ಹೋಗಿದೆ ಎಂದು ದೊಡ್ಡಪ್ಪ ಅಂದದ್ದು ಶುದ್ಧ ಸುಳ್ಳು ಎಂಬುದೂ ಅವತ್ತು ಅಧಿಕೃತವಾಗಿ ಗೊತ್ತಾಯಿತು.

ಆಮೇಲೆ ಮೇಡಂ ಮುಂದಿನ ಮಾತಿಗೆ ಬಂದರು. ನಿರಸನ ಒಂಟಿಯಾಗಿ ಬರುವುದು ಅಪರೂಪ, ಅದರ ಜೊತೆ 'ಉಳಿಸುವಿಕೆ' ಬರುತ್ತದೆ. ಹಳೆಯ ಕಾಯಿದೆಯನ್ನು ತೆಗೆದರೂ, ಅದು ಜಾರಿಯಲ್ಲಿದ್ದಾಗ ಅದರ ಕೆಳಗೆ ನಡೆದದ್ದೆಲ್ಲ ನಡೆದಂತೆಯೇ ಉಳಿಯುತ್ತದೆ. ನಾನು ಎದ್ದು ನಿಂತೆ.

"ಮೇಡಂ, ಆ ಕಾಯಿದೆಯಿಂದ ಆಗಲೇ ಕಳೆದುಕೊಂಡವರು?"

"ನಿರಸನ ಹಿಂದಕ್ಕೆ ನಡೆಯುವುದಿಲ್ಲ. ಕಳೆದದ್ದನ್ನು ಕೊಡಬೇಕು ಎಂದು ಹೊಸ ಕಾಯಿದೆಯೇ ಹೇಳಿದರೆ ಆ ಮಾತು ಬೇರೆ."

"ಹೇಳದಿದ್ದರೆ?"

"ಹೇಳದಿದ್ದರೆ ಇಲ್ಲ. ಕುಳಿತುಕೊ."

ಕುಳಿತೆ. ಆಗಿದ್ದು ಆಗಿ ಹೋತು. ಪುಸ್ತಕದಲ್ಲಿ ಅದು ಉದ್ದವಾಗಿ, ಗೌರವದ ಭಾಷೆಯಲ್ಲಿತ್ತು, ಅಷ್ಟೇ ವ್ಯತ್ಯಾಸ. ಆದರೆ ಮೇಡಂ ಹೇಳಿದ ಎರಡನೆಯ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಹೇಳಬಹುದಿತ್ತು. ಬಿಚ್ಚುವ ಕೈಗೆ ಕೊಡುವ ಅಧಿಕಾರವೂ ಇತ್ತು. "ನಾಗಮ್ಮನೂ ಕಲೀಲಿ, ಕೂಸು ನಾವು ನೋಡ್ತೀವಿ" ಎಂದು ದೊಡ್ಡಪ್ಪ ಆ ಗುಡ್ಡದ ಮೇಲೆ ಒಂದೇ ಒಂದು ಮಾತು ಸೇರಿಸಬಹುದಿತ್ತು. ಅಕ್ಕನಿಗೆ ಆಗ ಇಪ್ಪತ್ತೂ ತುಂಬಿರಲಿಲ್ಲ. ಅಪ್ಪ ಸೇರಿಸಬಹುದಿತ್ತು. ಅವರ ಮೇಲೆ ನನಗಿರುವ ಸಿಟ್ಟು ಕಟ್ಟು ಹಾಕಿದ್ದಕ್ಕಿಂತ ಈ ಹೇಳದ ಮಾತಿಗೆ ಹೆಚ್ಚು.

ನನ್ನ ಪದವಿಯ ಪ್ರಮಾಣಪತ್ರ ಬಂದ ಮೇಲೆ ಒಂದು ಭಾನುವಾರ ನೋಡಿ ಎಲ್ಲರನ್ನೂ ಕರೆದೆ. ಅಪ್ಪ ಮೊದಲೇ ಒಂದು ಗಾಜಿನ ಚೌಕಟ್ಟು ತಂದು ಮಂಚದ ಕೆಳಗೆ ಇಟ್ಟಿದ್ದ. ಅಳತೆ ಯಾರನ್ನೂ ಕೇಳದೆ ತಂದದ್ದು, ಸ್ವಲ್ಪ ದೊಡ್ಡದಾಗಿತ್ತು. ಅವ್ವ ಹೋಳಿಗೆ ಮಾಡಿದ್ದಳು. ಜೇಜುರಿಯ ಆ ದಿನದ ನಂತರ ಅವಳು ದೊಡ್ಡಪ್ಪನ ಜೊತೆ ನೇರವಾಗಿಯೇ ಮಾತಾಡುತ್ತಿದ್ದಳು, ಬೇಕಾದಷ್ಟೇ. ಅಕ್ಕ ಚಿಂಚವಾಡದಿಂದ ಲೋಕಲ್ ಹಿಡಿದು, ಬಸ್ಸು ಬದಲಿಸಿ ಬಂದಳು. ಅರ್ಧ ದಿನ ಕೆಲಸ ಮುಗಿಸಿಯೇ ಬಂದದ್ದು, ಸೀರೆಯ ಅಂಚಿಗೆ ಸಿಮೆಂಟು ಇತ್ತು.

ನಮ್ಮ ಮನೆಯಲ್ಲಿ ಹೊಸದೇನು ಬಂದರೂ ಮೊದಲು ಹಿರಿಯರ ಕೈಗೆ ಕೊಡಬೇಕು, ಅವರು ಅದನ್ನು ಜಗಲಿಗೆ ಮುಟ್ಟಿಸಬೇಕು. ದೊಡ್ಡಪ್ಪನಿಗೆ ಆಗ ಮೊಣಕಾಲು ಹಿಡಿದಿತ್ತು. ಮಂಚದ ಮೇಲೆ ಕುಳಿತು ಎರಡೂ ಕೈ ಚಾಚಿದರು. ಕಣ್ಣಲ್ಲಿ ನೀರಿತ್ತು. ಅದು ನಾಟಕವಲ್ಲ ಎಂದು ನನಗೆ ಗೊತ್ತು. ನಾನು ಅವರ ಕೈಗಳನ್ನು ದಾಟಿ ಒಳಗಿನ ಖೋಲಿಗೆ ಹೋದೆ, ಬಚ್ಚಲ ಕಟ್ಟೆಯ ಮೇಲೆ ಕೈಕಾಲು ತೊಳೆಯುತ್ತಿದ್ದ ಅಕ್ಕನ ಮುಂದೆ ಹಿಡಿದೆ.

"ಮೊದಲ ದೊಡ್ಡಪ್ಪಗ ಕೊಡು, ಹುಚ್ಚಿ" ಎಂದಳು.

"ತಗೋ."

ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಒಂದು ಸಲ ಸಾಲದೆಂದು ಇನ್ನೊಂದು ಸಲ. ಸುಣ್ಣ ಸಿಮೆಂಟು ತಿಂದು ಬಿರಿದ ಬೆರಳುಗಳು. ಹಾಳೆಯ ಎರಡು ಅಂಚು ಹಿಡಿದು ಬೆಳಕಿಗೆ ತಂದು, ಮರಾಠಿಯಲ್ಲಿ ಅಚ್ಚಾದ ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಿದಳು. ಎಲ್ಲೂ ತಡೆಯಲಿಲ್ಲ. ಕೆಳಗಿನ ಮುದ್ರೆಯ ಹತ್ತಿರ ಬಂದಾಗ ಹೆಬ್ಬೆರಳನ್ನು ಅದರ ಮೇಲೆ ಇಟ್ಟು ಒತ್ತಿದಳು.

ಹೊರಗಿನಿಂದ ದೊಡ್ಡಪ್ಪ ಕೂಗಿದರು, "ಜಗಲಿ ಮಗ್ಗಲದ ಮೊಳಿಗಿ ಹಾಕ್ರೇವಾ. ಖಾಲೀನೇ ಅದ." ಖರೆ, ಉಳಿದ ಗಂಟುಗಳನ್ನು ಹಿಂದಿನ ದಸರೆಯಲ್ಲಿ ಸುಣ್ಣಕ್ಕೆಂದು ತೆಗೆದ ಅವ್ವ ಮತ್ತೆ ತೂಗುಹಾಕಿರಲಿಲ್ಲ, ಆ ಮೊಳೆಯ ಮೇಲೆ ಈಗ ಏನೂ ಇರಲಿಲ್ಲ. ಅಪ್ಪ ಚೌಕಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದ.

ಅಕ್ಕ ಹಾಳೆಯನ್ನು ನನ್ನ ಕೈಗೆ ವಾಪಸ್ ಕೊಟ್ಟು, ತಲೆ ಎತ್ತಿ ಗೋಡೆ ನೋಡಿದಳು.

"ಬ್ಯಾರೆ ಮೊಳಿ ಹೊಡಿ ಅಪ್ಪಾ. ಆ ಮೊಳಿ ನಂದು."